ಎಡಗೈ ತಾನೇ, ಬಿಡಿ!

ಮುರಿದುಕೊಳ್ಳಲೇಬೇಕೆಂದಿದ್ದರೆ ಎಡಗೈಯನ್ನೇ ಮುರಿದುಕೊಳ್ಳಿ. ನೋಡಲು ಬಂದವರಿಗೆ ಮಾತು ಹುಡುಕುವ ಕಷ್ಟ ಇರುವುದಿಲ್ಲ. ಆರೋಗ್ಯ ಚೆನ್ನಾಗಿರಲೆಂದು ರವೀಂದ್ರನಗರದ ಪಾರ್ಕಿಗೆ ವಾಕಿಂಗ್ ಹೋಗಿ, ಜಾರಿಬಿದ್ದು, ಮಣಿಕಟ್ಟು ಮುರಿದುಕೊಂಡು ಬಂದ ನನಗೆ ಎಲ್ಲರೂ ಹೇಳಿದ್ದು ಒಂದೇ: "ಎಡಗೈ ತಾನೇ, ಬಿಡಿ ಮಾರಾಯ್ರೆ!" ದೇವರು ಅದನ್ನು ಸ್ಟೆಪ್ನಿಯಾಗಿ ಕೊಟ್ಟಿದ್ದಾನೆ ಎಂಬ ಧಾಟಿ.

ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಲಾಭವೂ ಇತ್ತು. ನಮ್ಮದು ಲಿಂಗಪೂಜೆಯಾಗದೆ ತಿಂಡಿ ಸಿಗದ ಮನೆ. ಹೆಂಡತಿ ಗಿರಿಜ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಡ ಅಂಗೈಯಲ್ಲಿ ಲಿಂಗವಿಟ್ಟು, ನೀರೆರೆದು, ಪತ್ರೆ ಏರಿಸಿ, ಅದನ್ನೇ ದಿಟ್ಟಿಸಿ ಕೂರಬೇಕು. ನನ್ನ ದೃಷ್ಟಿ ಲಿಂಗದ ಮೇಲಿದ್ದರೂ ಮೂಗು ಅಡುಗೆಮನೆಯಲ್ಲಿರುತ್ತಿತ್ತು. ಪ್ಲಾಸ್ಟರ್ ಹಾಕಿದ ಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡರೆ ಸಾಕು, ಬಿಸಿ ಉಪ್ಪಿಟ್ಟು ಸಿದ್ಧ. ಇಷ್ಟು ಸುಲಭದ ಭಕ್ತಿಯನ್ನು ನಾನು ಕಂಡಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ನೋಡಿದರೆ, ಅಂಗೈ ಮೇಲ್ಮುಖವಾಗುತ್ತಲೇ ಇಲ್ಲ. ಅರ್ಧ ತಿರುಗಿ ನಿಂತುಬಿಡುತ್ತದೆ. ಚೀಲ ಹಿಡಿಯಬಹುದು, ಬಾಗಿಲು ತಳ್ಳಬಹುದು. ಲಿಂಗ ಇಟ್ಟರೆ ಮಾತ್ರ ಜಾರುತ್ತದೆ. ಗುಡಿ ಯಾಕೆ, ಅಂಗೈಯೇ ಪೀಠ ಎನ್ನುವ ಮತದಲ್ಲಿ ಹುಟ್ಟಿದವನ ಪೀಠವೇ ಇಳಿಜಾರಾಗಿತ್ತು. ಸದ್ಯಕ್ಕೆ ಪೂಜೆ ಬೇಡ ಎಂದಾಗ ಹಾಯೆನಿಸಿತ್ತು. ಇನ್ನೆಂದೂ ಆಗದೇನೋ ಎಂದಾಗ ನಿಜವಾಗಿ ಹೆದರಿದೆ.

ಅಕ್ಕನ ಮಗಳು ಸುಜಾತ ಭದ್ರಾವತಿಯ ನ್ಯೂಟೌನಿನಲ್ಲಿ ಫಿಸಿಯೋಥೆರಪಿಸ್ಟ್. ಬಸ್ಸು ಹತ್ತಿದೆ.

"ಈ ಕೈಲಿ ನಿಮಗೆ ಮುಖ್ಯವಾಗಿ ಏನ್ ಮಾಡ್ಬೇಕು ಮಾವ?" ಎಂದಳು.

"ಪೂಜೆ."

"ನೀವಾ?" ಎಂದು ನಕ್ಕು, ಕೈಗೊಂದು ಸೌಟು ಕೊಟ್ಟಳು. ಅದನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಹೊರಕ್ಕೆ ವಾಲಿಸಬೇಕು. ವಾಲಿಸಿದೆ. ಅಂಗೈ ಆಕಾಶ ನೋಡಿತು. ಬೀಗುತ್ತಾ ಅವಳ ಮುಖ ನೋಡಿದೆ.

"ಕೈ ತಿರುಗಿಲ್ಲ ಮಾವ. ನೀವೇ ಪೂರ್ತಿ ವಾಲಿದ್ದೀರಿ."

ನಿಜ. ಮೊಣಕೈ ಪಕ್ಕೆ ಬಿಟ್ಟಿತ್ತು, ಭುಜ ಇಳಿದಿತ್ತು, ಸೊಂಟವೂ ಸಹಕರಿಸಿತ್ತು. ಒಂದು ಮಣಿಕಟ್ಟಿನ ಸೋಮಾರಿತನ ಮುಚ್ಚಲು ಇಡೀ ಮೈ ಒಂದಾಗಿತ್ತು. ಸುಜಾತ ದಿನಪತ್ರಿಕೆ ಮಡಚಿ ನನ್ನ ಮೊಣಕೈಗೂ ಪಕ್ಕೆಗೂ ನಡುವೆ ಸಿಕ್ಕಿಸಿದಳು. "ಪೇಪರ್ ಬಿದ್ರೆ ಮೋಸ ಮಾಡ್ತಿದ್ದೀರಿ ಅಂತ ಅರ್ಥ." ಬಿತ್ತು. ಎತ್ತಿ ಕೊಟ್ಟಳು. ಮತ್ತೆ ಬಿತ್ತು. ನಾನು ಇಷ್ಟು ವರ್ಷ ಓದಿದ ಪೇಪರುಗಳಲ್ಲಿ ಒಂದೂ ನನ್ನ ಬಗ್ಗೆ ಇಷ್ಟು ನಿಜ ಹೇಳಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಬಿಸಿನೀರಲ್ಲಿ ಕೈ ಅದ್ದಿ, ಹಲ್ಲು ಕಚ್ಚಿ, ಬಗಲಲ್ಲಿ ಪೇಪರ್, ಕೈಯಲ್ಲಿ ಸೌಟು. ಬಸ್ಸಿನಲ್ಲೂ ತೊಡೆಯ ಮೇಲೆ ಅಂಗೈ ತೆರೆದು ಕೂರುತ್ತಿದ್ದೆ. ಒಮ್ಮೆ ಕಂಡಕ್ಟರ್ ಟಿಕೆಟ್ಟನ್ನೂ ಚಿಲ್ಲರೆಯನ್ನೂ ಅದರ ಮೇಲೇ ಇಟ್ಟು ಮುಂದೆ ಹೋದ. ನಾಣ್ಯಗಳು ಉರುಳಿದವು. ಇನ್ನೂ ಇಳಿಜಾರಿದೆ ಎಂದು ಗೊತ್ತಾಯಿತು.

ಕೊನೆಗೊಂದು ಸೋಮವಾರ ಪೇಪರ್ ಸಿಕ್ಕಿಸಿಕೊಂಡೇ ಪೂಜೆಗೆ ಕೂತು, ಬರಿ ಅಂಗೈಗೆ ಒಂದು ಚಮಚ ನೀರು ಬಿಟ್ಟೆ. ಹರಿಯಲಿಲ್ಲ. ಲಿಂಗ ಇಟ್ಟೆ. ಅಲ್ಲಾಡದೆ ಕೂತಿತು. ಪೇಪರೂ ಬೀಳಲಿಲ್ಲ. ನನಗೆ ಅಳು ಬಂತು. ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, "ರೀ, ಉಪ್ಪಿಟ್ಟು ಆರ್ತಾ ಇದೆ, ಬೇಗ ಮುಗ್ಸಿ" ಎಂದು ಗಿರಿಜ ಕೂಗಿದಳು. ಮದುವೆಯಾದಾಗಿನಿಂದ ಅವಳು ಈ ಮಾತು ಹೇಳಿದ್ದು ಅದೇ ಮೊದಲು.

ಈಗ ಕೈ ಚೆನ್ನಾಗಿ ತಿರುಗುತ್ತದೆ. ಸುಜಾತ ಕೋನ ಅಳೆದು ಇನ್ನು ಬರಬೇಕಾಗಿಲ್ಲ ಎಂದಿದ್ದಾಳೆ. ಗಿರಿಜಳಿಗೆ ಅಳತೆ ಬೇಕಾಗಲಿಲ್ಲ. ನಿನ್ನೆ ಪೂಜೆ ಮುಗಿಸಿ ಅಡುಗೆಮನೆಗೆ ಹೋದರೆ ಇನ್ನೂ ಒಗ್ಗರಣೆಯೇ ಆಗಿರಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಬೇಗ ಮುಗೀತಾ? ಹಾಗಾದ್ರೆ ಕೈ ಪೂರ್ತಿ ಗುಣ ಆಯ್ತು ಬಿಡಿ" ಎಂದಳು.

ನಾನು ಟೀಪಾಯಿಯ ಮೇಲಿದ್ದ ಪೇಪರ್ ಮಡಚಿ ಬಗಲಲ್ಲಿ ಸಿಕ್ಕಿಸಿಕೊಂಡು ಮತ್ತೆ ಪೂಜೆಗೆ ಹೋಗಿ ಕೂತೆ.