ಹೊದಿಕೆಯ ಒಳಗಿನ ಸೀರೆ

ಬಾಯಾರು ಊರಿನ ಅಮ್ಮಣಿ ಬೀಡಿ ಕಟ್ಟಿ ಬದುಕಿದವಳು. ಆದರೆ ಆಸುಪಾಸಿನ ಮಕ್ಕಳೆಲ್ಲ ಬೆಚ್ಚಗೆ ಮಲಗಿದ್ದು ಅವಳು ಹೊಲಿದ ಹೊದಿಕೆಯಲ್ಲಿ. ಹೆರಿಗೆಯ ಸುದ್ದಿ ಬಂದರೆ ಸಾಕು, ಆ ಮನೆಯಿಂದ ಹಳೆ ಸೀರೆ ಕೇಳಿ ತಂದು, ಒಂದರ ಮೇಲೊಂದು ಹಾಸಿ, ಕೈಯಲ್ಲೇ ಹೊಲಿದು ಕೊಡುತ್ತಿದ್ದಳು. ಕಟ್ಟುನಿಟ್ಟು ಒಂದೇ: ಸತ್ತವರ ಬಟ್ಟೆಯ ಚೂರೂ ಇರಬಾರದು. ತೀರಿಹೋದ ಅಜ್ಜಿಯ ಸೀರೆಯನ್ನು ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ, "ಮಗುವಿನ ಮೈಗೆ ಅದು ಆಗುವುದಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ವಾಪಸು ಕಳಿಸುವಳು. ಈ ವಿಷಯದಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ.

2009ರ ಮಳೆಗಾಲದಲ್ಲಿ ಅವಳ ಒಬ್ಬಳೇ ಮಗಳು ವಾರಿಜ ಜ್ವರದಲ್ಲಿ ತೀರಿಕೊಂಡಳು. ಅವಳ ಕೂಸು ಅಕ್ಷಯಾಳಿಗೆ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಮಗಳ ಬಟ್ಟೆಗಳನ್ನೆಲ್ಲ ಸುಡುವಾಗ ಅಮ್ಮಣಿ ಉಟ್ಟುಟ್ಟು ಮೆತ್ತಗಾದ ಒಂದು ನೀಲಿ ಸೀರೆಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ.

ಎರಡು ವರ್ಷ ಮಗು ಅಜ್ಜಿಯ ಬಳಿ ಬೆಳೆಯಿತು. ಆಮೇಲೆ ಅಳಿಯ ಗುಣಪಾಲ ಇನ್ನೊಂದು ಮದುವೆಯಾಗಿ ಬೋವಿಕಾನದಲ್ಲಿ ಮನೆ ಮಾಡಿದ. ಅವನು ಒಳ್ಳೆಯವನೇ, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ಬೇಡ ಎನ್ನುವುದಕ್ಕೆ ಅಮ್ಮಣಿಯಲ್ಲಿ ನ್ಯಾಯವಿರಲಿಲ್ಲ. ತಾಯಿಯ ಮುಖ ನೆನಪಿಲ್ಲದ ಕೂಸು, ನಾಳೆ ಬೇರೆಯವಳನ್ನು ಅಮ್ಮ ಅನ್ನುತ್ತದೆ. ಅನ್ನಲಿ. ಮಲಗುವಾಗಲಾದರೂ ವಾರಿಜ ಜೊತೆಗಿರಲಿ ಎಂದುಕೊಂಡಳು. ಬಂದ್ಯೋಡಿನಿಂದ ಹೂವಿನ ಹೊಸ ಬಟ್ಟೆ ತಂದು, ಅಡಗಿಸಿಟ್ಟ ಸೀರೆಯನ್ನು ಅದರ ನಡುವೆ ಮಡಚಿಟ್ಟಳು. ಮಗಳ ಸೀರೆಗೆ ಸೂಜಿ ಚುಚ್ಚಲು ಮನಸ್ಸು ಬಾರದೆ, ಮೇಲಿನ ಬಟ್ಟೆಯ ಅಂಚುಗಳನ್ನಷ್ಟೇ ಹೊಲಿದು, ಆ ಹೊದಿಕೆಯನ್ನು ಮಗುವಿನ ಜೊತೆ ಕಳಿಸಿದಳು. ಊರಿಗೆಲ್ಲ ಹೇಳಿದ ಮಾತನ್ನು ತಾನೇ ಮುರಿದದ್ದನ್ನು ಯಾರಿಗೂ ಹೇಳಲಿಲ್ಲ.

ಮಳೆ ಬಿಡದ ಆಟಿ ತಿಂಗಳಲ್ಲಿ ಮೊಮ್ಮಗಳನ್ನು ನೋಡಲು ಬೋವಿಕಾನಕ್ಕೆ ಹೋದಳು. ಅಕ್ಷಯಾ ಆ ಹೊದಿಕೆಯನ್ನೇ ಹೊದ್ದು ನಿದ್ದೆಹೋಗಿದ್ದಳು. ಅದನ್ನು ಕಂಡು ಅಮ್ಮಣಿಯ ಜೀವ ತಂಪಾಯಿತು.

ಗುಣಪಾಲನ ಹೆಂಡತಿ ಈಶ್ವರಿ ಚಾ ತಂದಿಟ್ಟಳು. "ಅದಿಲ್ಲದಿದ್ದರೆ ಇವಳಿಗೆ ನಿದ್ದೆಯೇ ಇಲ್ಲ ಅಮ್ಮ. ಮೊನ್ನೆ ಉಚ್ಚೆ ಹೊಯ್ದಳು. ಈ ಮಳೆಗೆ ಒಣಗಬೇಕಲ್ಲ, ಹಾಗೆ ಒಂದು ಬದಿ ಬಿಚ್ಚಿದೆ. ಒಳಗಿನ ಹಳೇ ಸೀರೆ ಪಿಸಿದು ಹರಿದು ಹೋಗಿತ್ತು."

"ಅದು ಈಗ ಎಲ್ಲಿ ಉಂಟು?"

"ಬಚ್ಚಲ ಒಲೆಗೆ ಹಾಕಿದೆ. ನನ್ನದೇ ಒಂದು ಸೀರೆ ಇತ್ತು, ಒಳ್ಳೆ ಮೆತ್ತಗೆ. ಅದನ್ನು ಒಳಗಿಟ್ಟೆ. ಎಂತಾದರೂ ತಪ್ಪಾಯಿತಾ ಅಮ್ಮ?"

ಈ ಹುಡುಗಿಯ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನಿಜ ಹೇಳಿದರೆ ಸತ್ತವಳ ಸೀರೆ ಹೊದೆಸಿದ್ದಳೆಂದು ಮನೆಯವರು ಬೆಚ್ಚಿಬೀಳುತ್ತಾರೆ. ಮೊಮ್ಮಗಳನ್ನು ನೋಡುವ ಬಾಗಿಲೂ ಮುಚ್ಚೀತು. ವಾರಿಜಳದ್ದು ಎನ್ನುವುದಕ್ಕೆ ಇನ್ನು ಒಂದು ನೂಲೂ ಉಳಿಯಲಿಲ್ಲ. ಅಮ್ಮಣಿ ಚಾದ ಲೋಟವನ್ನು ಕೆಳಗಿಟ್ಟಳು.

ಮಗು ಹೊರಳಿದಾಗ, ಈಶ್ವರಿ ಹಾಕಿದ ಹೊಲಿಗೆ ಬಾಯಿಬಿಟ್ಟದ್ದು ಕಂಡಿತು.

"ತಪ್ಪೆಂತ ಇಲ್ಲ," ಎಂದಳು ಅಮ್ಮಣಿ. "ಹೊಲಿಗೆ ಸಡಿಲ ಉಂಟು, ಬಾಳಿಕೆ ಬರಲಿಕ್ಕಿಲ್ಲ. ಸೂಜಿ ನೂಲು ತಾ ಮಗಳೇ."

ಕಣ್ಣು ಮಂಜಾಗಿ ನೂಲು ಪೋಣಿಸಲಾಗಲಿಲ್ಲ, ಈಶ್ವರಿಯೇ ಪೋಣಿಸಿಕೊಟ್ಟಳು. ಮಗುವನ್ನು ಎಬ್ಬಿಸದೆ, ಅಮ್ಮಣಿ ಈಶ್ವರಿಯ ಸೀರೆಯನ್ನು ಒಳಗೆ ನೇರ ಮಾಡಿ, ಇನ್ನು ಯಾವ ಮಳೆಗೂ ಬಿಚ್ಚದ ಹಾಗೆ ಆ ಸೀರೆಗೂ ಸೂಜಿ ಚುಚ್ಚಿ ಹೊಲಿಯತೊಡಗಿದಳು.