ತಮ್ಮಯ್ಯ ಬಾಗಿಲು ತೆಗೆಯಲಿಲ್ಲ

ನಿಮ್ಮ ಸಂಶೋಧನೆ ಎಲ್ಲಿ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಇಂದುಮತಿ ಗಂಭೀರವಾಗಿ ಜರ್ಮನಿಯ ಹೆಸರು ಹೇಳುತ್ತಾಳೆ. ಹಸಿ ಸುಳ್ಳು. ಅದು ಶುರುವಾದದ್ದು ನಾಗಪುರದ ವಾಯುಸೇನಾ ನಗರದ ಕ್ವಾರ್ಟರ್ಸಿನಲ್ಲಿ, ಯಾರದೋ ಮನೆಯ ಹೊಸ್ತಿಲ ಮೇಲೆ. ಆಗ ಅವಳು ಚಿಕ್ಕ ಹುಡುಗಿ. ಕಾಲಿಗೆ ಚಪ್ಪಲಿ ಏರಿಸಿಕೊಂಡು, ಅವ್ವ ಯಾವಾಗ ಹೊರಡುತ್ತಾಳೋ ಎಂದು ಮುಖ ಊದಿಸಿಕೊಂಡು ನಿಂತಿದ್ದಳು.

ಅವ್ವನ ಹೆಸರು ಕಲಾವತಿ. ಧಾರವಾಡದ ಕಡೆಯವಳು, ವಾಯುಸೇನೆಯ ಸಾರ್ಜೆಂಟರ ಹೆಂಡತಿ. ಯಾರ ಮನೆಗೆ ಹೋದರೂ ಚಹಾ ಕುಡಿದು, ಚೂಡಾ ತಿಂದು, ಹವಾಮಾನದ ಬಗ್ಗೆ ನಾಲ್ಕು ಮಾತಾಡಿ, "ಬರತೇವ್ರೀ, ಭಾಳ ಹೊತ್ತಾತು" ಎಂದು ಏಳುತ್ತಿದ್ದಳು. ಅಸಲಿ ಭೇಟಿ ಶುರುವಾಗುತ್ತಿದ್ದುದೇ ಆಮೇಲೆ. ಕೂತಾಗ ಹೇಳದ ಮಾತೆಲ್ಲ ಎದ್ದ ಮೇಲೆ ಬರುತ್ತಿತ್ತು. ಯಾರ ಮಗಳಿಗೆ ಎಲ್ಲಿಯ ವರ, ಯಾರ ಅತ್ತೆ ಎಂಥ ಘಟವಾಣಿ, ಎಲ್ಲವೂ. ಅಷ್ಟರಲ್ಲಿ ಮನೆಯಾಕೆ ಕುಂಕುಮದ ಬಟ್ಟಲು ತಂದಳೆಂದರೆ ಮತ್ತೆ ಕೂರಬೇಕು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಏಳಬೇಕು. ಬಾಗಿಲಲ್ಲೊಮ್ಮೆ ನಿಲ್ಲಬೇಕು, ಗೇಟಿನಲ್ಲೊಮ್ಮೆ ನಿಲ್ಲಬೇಕು. ಅಪ್ಪ ಹೊರಗೆ ಸ್ಕೂಟರ್ ಚಾಲೂ ಮಾಡುತ್ತಿದ್ದರು, ಆಫ್ ಮಾಡುತ್ತಿದ್ದರು, ಮತ್ತೆ ಚಾಲೂ ಮಾಡುತ್ತಿದ್ದರು. ಪೆಟ್ರೋಲು ಸುಮ್ಮನೆ ಸುಡುತ್ತಿದೆಯೆಂದು ಅವರು ಶಪಿಸುತ್ತಿದ್ದುದು ಬಾಗಿಲವರೆಗೂ ಕೇಳುತ್ತಿತ್ತು.

ಬೇರೆ ಮಕ್ಕಳಾಗಿದ್ದರೆ ರಂಪ ಮಾಡುತ್ತಿದ್ದವು. ಇಂದುಮತಿ ಅವ್ವನನ್ನು ಗಮನಿಸತೊಡಗಿದಳು. ಪರ್ಸು ಎಡಗೈಯಲ್ಲಿದ್ದರೆ ಹೊರಡುವ ಮಾತೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳೋ, ಕತೆ ಈಗ ಶುರು. ಬಾಗಿಲ ಚೌಕಟ್ಟಿನ ಮೇಲೆ ಅಂಗೈ ಊರಿದರಂತೂ ಕೇಳುವುದೇ ಬೇಡ. ಆದರೆ ಮಾತು ಇನ್ನೂ ನಡೆದಿರುವಾಗಲೇ ಆ ಅಂಗೈ ತಾನಾಗಿ ಚೌಕಟ್ಟು ಬಿಟ್ಟಿತೆಂದರೆ, ಅವ್ವನಿಗೇ ಗೊತ್ತಿಲ್ಲದಿದ್ದರೂ ಅವ್ವ ಹೊರಟಿದ್ದಾಳೆ. ಆಗ ಇಂದುಮತಿ ಕೂಗುತ್ತಿದ್ದಳು, "ಅಪ್ಪಾ, ಈಗ ಚಾಲೂ ಮಾಡು." ಕೂಗು ಎಂದೂ ಹುಸಿಹೋಗಲಿಲ್ಲ. ಸಾರ್ಜೆಂಟರು ರೇಡಾರನ್ನು ನಂಬಿದ್ದಕ್ಕಿಂತ ಹೆಚ್ಚು ಮಗಳನ್ನು ನಂಬಿದರು.

ಮುಂದೆ ಇಂಜಿನಿಯರಿಂಗ್ ಆಯಿತು. ಆಮೇಲೆ ಮನುಷ್ಯನ ಮನಸ್ಸು ಹೇಗೆ ಯೋಚಿಸುತ್ತದೆ, ಅದನ್ನು ಯಂತ್ರಕ್ಕೆ ಹೇಗೆ ಕಲಿಸಬಹುದು ಎಂಬ ವಿಜ್ಞಾನ ಹಿಡಿದು ಜರ್ಮನಿಗೆ ಹೋದಳು. ಮೊದಲ ದಿನವೇ ಅವಳ ಗೈಡು ಮಾತು ಮುಗಿಸಿ, ಎದ್ದು, ಕೈಕುಲುಕಿ, ಹೊರಟೇಬಿಟ್ಟರು. ಬಾಗಿಲಲ್ಲಿ ಒಂದು ಕ್ಷಣವಾದರೂ ನಿಲ್ಲಬೇಡವೇ? ಸಿಟ್ಟಾಗಿದ್ದಾರೆಂದೇ ಅವಳು ತಿಳಿದಳು. ರಾತ್ರಿಯೆಲ್ಲ ಕೊರಗಿ ಮರುದಿನ ಅವ್ವ ಕಟ್ಟಿಕೊಟ್ಟಿದ್ದ ಚಕ್ಕುಲಿಯ ಡಬ್ಬ ಹಿಡಿದು ಕ್ಷಮೆ ಕೇಳಲು ಹೋದಳು. ಅವರು ಡಬ್ಬ ಖಾಲಿ ಮಾಡಿ, ಎದ್ದು, ಕೈಕುಲುಕಿ, ಮತ್ತೆ ಹೊರಟರು.

ಅಲ್ಲಿ ಅವಳು ಕಟ್ಟಿದ ರೋಬೋಟ್ ಜನ ಏಳುತ್ತಲೇ ಬಾಗಿಲು ತೆಗೆಯುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ, ಏಕೆಂದರೆ ಆ ಊರಿನಲ್ಲಿ ಎದ್ದವರು ಹೋಗಿಯೇ ಹೋಗುತ್ತಿದ್ದರು. ಅದಕ್ಕೇ ಡಾಕ್ಟರೇಟ್ ಬಂತು. ಅಷ್ಟು ಸುಲಭದ ಜನರ ನಡುವೆ ಪದವಿ ಹೊಡೆದದ್ದಕ್ಕೆ ಅವಳಿಗೆ ಇವತ್ತಿಗೂ ಒಳಗೊಳಗೇ ನಾಚಿಕೆಯಿದೆ.

ಆ ನಾಚಿಕೆ ಕಳೆದುಕೊಳ್ಳಲೆಂದೇ ಅವಳು ನಾಗಪುರಕ್ಕೆ ಮರಳಿದ್ದು. ಗಂಡ ಶ್ರೀಕಾಂತ ಮೈಸೂರಿನವನು, ರಾಮದಾಸಪೇಠಿನಲ್ಲಿ ವೈದ್ಯ. ಅವಳಿಗೊಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ, ಮೂಲೆಯಲ್ಲೊಂದು ಲ್ಯಾಬು. ಅಲ್ಲಿ ಹೊಸ ರೋಬೋಟ್ ಹುಟ್ಟಿತು. ಸೊಂಟದೆತ್ತರ, ಕೆಳಗೆ ಚಕ್ರ, ಒಂದೇ ಕೈ, ಮುಖದ ಜಾಗದಲ್ಲಿ ಎರಡು ಕಣ್ಣು ಮಿಟುಕಿಸುವ ಪರದೆ. ಕೈಲಾಗದ ರೋಗಿಗಳ ಕೋಣೆಯಲ್ಲಿದ್ದು, ಬಂದವರು ನಿಜವಾಗಿ ಹೊರಟಾಗ ಚಿಲಕ ತೆಗೆಯುವುದು, ಹೊರಡದಿದ್ದರೆ ಕೂರಿಸುವುದು ಅದರ ಕೆಲಸ. ಶ್ರೀಕಾಂತ ಅದಕ್ಕೆ ತಮ್ಮಯ್ಯ ಎಂದು ಹೆಸರಿಟ್ಟ. ಅವನ ಶಾಲೆಯ ಜವಾನ ತಮ್ಮಯ್ಯ, ಹೆಡ್‌ಮಾಸ್ತರೇ ಬಂದು ಹೇಳಿದರೂ ಗಂಟೆ ಹೊಡೆಯದೆ ಗೇಟು ತೆಗೆಯುತ್ತಿರಲಿಲ್ಲವಂತೆ.

ತಮ್ಮಯ್ಯ ಕಲಿಯಬೇಕಾದರೆ ಮನೆ ಮನೆಯಲ್ಲಿ ಕ್ಯಾಮೆರಾ ಇಟ್ಟು ನೆಂಟರ ಭೇಟಿಗಳನ್ನು ತೋರಿಸಬೇಕು. ಸದರ್ ಬಡಾವಣೆಯವರು ಬಾಗಿಲಲ್ಲೇ ಬೇಡವೆಂದರು. ಕೊನೆಗೆ ಕೈಹಿಡಿದವರು ಕನ್ನಡದ ಮನೆಗಳವರೇ. ಕಾಮಠಿಯ ಕರ್ನಲ್ ಬೋಪಣ್ಣನವರ ಮನೆಯಲ್ಲಿ ಸ್ವಲ್ಪ ಎಡವಟ್ಟಾಯಿತು. ಕರ್ನಲ್ ಎದ್ದರೆ ಎದ್ದರು, ಹೋದರೆ ಹೋದರು. ಅವರನ್ನು ನೋಡಿ ತಮ್ಮಯ್ಯ ಒಂದು ವಾರ ಗೊಂದಲದಲ್ಲಿದ್ದ. ಉಳಿದ ಮನೆಗಳು ಅವನನ್ನು ಸರಿದಾರಿಗೆ ತಂದವು. ಎಲ್ಲಕ್ಕಿಂತ ಹೆಚ್ಚು ಪಾಠ ಕಲಾವತಿಯ ಮನೆಯಲ್ಲೇ ಆಯಿತು, ದನಿಯೂ ಆಕೆಯದ್ದೇ ಆಯಿತು. ಯಾರಾದರೂ ಹೊರಡುವ ನಾಟಕವಾಡಿದರೆ ತಮ್ಮಯ್ಯ ಹಿಂದಿನಿಂದ ಸ್ಟೂಲು ತಳ್ಳಿಕೊಂಡು ಬಂದು, "ಇಷ್ಟು ಲಗೂನ ಹೊಂಟ್ರ್ಯಾ? ಕೂಡ್ರಿ ಸ್ವಲ್ಪ" ಎನ್ನುತ್ತಿದ್ದ.

ಹೀಗಿರುವಾಗ ಕಾಲೇಜಿಗೆ ಹೊಸ ಡೈರೆಕ್ಟರು ಬಂದರು. ಬಂದವರಿಗೆ ಅತಿಥಿಗಳನ್ನು ಕೂರಿಸಲು ಸೋಫಾದ ಕೋಣೆ ಬೇಕೆನಿಸಿತು, ಕಣ್ಣು ಇಂದುಮತಿಯ ಲ್ಯಾಬಿನ ಮೇಲೆ ಬಿತ್ತು. ಲ್ಯಾಬು ಉಪಯೋಗಕ್ಕೆ ಬರುತ್ತಿದೆಯೋ ಇಲ್ಲವೋ ನೋಡಿ ಹೇಳಿ ಎಂದು ಹಿರಿಯ ಪ್ರೊಫೆಸರ್ ಗಾವಂಡೆಯವರನ್ನು ನೇಮಿಸಿದರು. ಅವರು ಇಲ್ಲ ಎಂದರೆ ಮುಗಿಯಿತು. ತಮ್ಮಯ್ಯನ ಮೋಟಾರು ಮೆಕ್ಯಾನಿಕಲ್ ವಿಭಾಗಕ್ಕೆ, ಮುಖ ಆಫೀಸಿಗೆ. ಹಾಗಾದರೆ ಬೆಂಗಳೂರಿನಲ್ಲಿ ಕೆಲಸಕ್ಕೆ ಕರೆದಿದ್ದವರಿಗೆ ಹೂಂ ಅಂದುಬಿಡುವುದು ಎಂದು ಇಂದುಮತಿ ನಿರ್ಧರಿಸಿದ್ದಳು. ನಿರ್ಧಾರವೇನೋ ಗಟ್ಟಿಯೇ, ಆದರೆ ತಮ್ಮಯ್ಯನ ಮುಖ ಆಫೀಸಿನ ಮೇಜಿನ ಮೇಲಿರುವುದನ್ನು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಕಲಾವತಿ ಫೋನ್ ಮಾಡಿದಳು. "ಇಂದೂ, ಬರೋರಿಗೆ ತಿನ್ನಾಕ ಏನ್ ಮಾಡೀದಿ?"

"ಅವ್ವಾ, ಅವರು ಲ್ಯಾಬ್ ನೋಡಾಕ ಬರಾತಾರ. ಬೀಗರಲ್ಲ."

"ಆದ್ರೇನಾತು, ಬಾಯಿ ಐತಿಲ್ಲೋ ಅವರಿಗೆ?"

ಗಾವಂಡೆಯವರು ಹೇಳಿದ ಹೊತ್ತಿಗೆ ಬರೋಬರ್ ಬಂದರು. ತೆಳ್ಳಗೆ, ಗಂಟು ಮುಖ, ಹೆಗಲಿಗೊಂದು ಹಳೆಯ ಚೀಲ. ಇಂದುಮತಿ ಮರಾಠಿಯಲ್ಲಿ ಎಲ್ಲ ವಿವರಿಸಿದಳು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಗೆ ಎದ್ದರು. "ಡೈರೆಕ್ಟರರಿಗೆ ಕೋಣೆ ಬೇಕಾಗಿದೆ ಮ್ಯಾಡಮ್. ನಾನೇನು ಮಾಡಲಿ. ಚಲಾ, ನಿಘತೋ," ಹೊರಟೆ ಎಂದು ಬಾಗಿಲ ಕಡೆ ನಡೆದರು.

ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ತಮ್ಮಯ್ಯ ಗರಗರನೆ ಸ್ಟೂಲು ತಳ್ಳಿಕೊಂಡು ಬಂದು ಅವರ ಮೊಣಕಾಲ ಹಿಂದಕ್ಕೆ ತಾಗಿಸಿದ. ಪ್ರೊಫೆಸರರು ದೊಪ್ಪನೆ ಕೂತರು.

"ಇಷ್ಟು ಲಗೂನ ಹೊಂಟ್ರ್ಯಾ? ಕೂಡ್ರಿ ಸ್ವಲ್ಪ."

"ಏನನ್ನುತ್ತಿದೆ ಇದು?" ಗಾವಂಡೆಯವರು ಎದ್ದು ಪ್ಯಾಂಟು ಕೊಡವಿಕೊಂಡರು.

ಇಂದುಮತಿಯ ಮುಖ ಸುಟ್ಟ ಬದನೆಕಾಯಿ ಆಗಿತ್ತು. ಜರ್ಮನಿಯ ರೋಬೋಟ್ ಆಗಿದ್ದರೆ ಇಷ್ಟೊತ್ತಿಗೆ ಬಾಗಿಲು ತೆಗೆದು ಮಾನ ಉಳಿಸುತ್ತಿತ್ತು. ಗೋಡೆಯ ಮೇಲೆ ಒಂದು ಕೆಂಪು ಗುಂಡಿ ಇತ್ತು, ಒತ್ತಿದರೆ ಚಿಲಕ ತೆರೆಯುತ್ತದೆ. ಅವಳು ಕೈ ಚಾಚಿದಳು. ಚಾಚಿದವಳು ಹಳೆಯ ಅಭ್ಯಾಸದಂತೆ ಒಮ್ಮೆ ಅವರತ್ತ ನೋಡಿದಳು.

ಗಾವಂಡೆಯವರು ಹೆಗಲ ಚೀಲವನ್ನು ಎಡಗೈಗೆ ಇಳಿಸಿಕೊಂಡಿದ್ದರು. ಬಲ ಅಂಗೈ ಬಾಗಿಲ ಚೌಕಟ್ಟಿನ ಮೇಲಿತ್ತು.

ಅರೆರೆ, ಎಂದುಕೊಂಡಳು ಇಂದುಮತಿ. ಇವರು ಹೋಗುವವರಲ್ಲ. ತಪ್ಪಿದ್ದು ತಮ್ಮಯ್ಯನಲ್ಲ, ನಾನು. ಅವಳು ಗುಂಡಿಯಿಂದ ಕೈ ಹಿಂದೆಗೆದು, ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾತನ್ನೇ ಮರಾಠಿಯಲ್ಲಿ ಕೇಳಿದಳು. "ಮತ್ತೆ ಸರ್, ಮನೆಯಲ್ಲಿ ಎಲ್ಲ ಆರಾಮಾ?"

ಅಷ್ಟು ಸಾಕಾಯಿತು. ಗಾವಂಡೆಯವರು ಮೊದಲು ಮೊಣಕಾಲು ನೋವಿನ ಬಗ್ಗೆ ಹೇಳಿದರು. ಅಲ್ಲಿಂದ ಕಾಟೋಲದ ಕಿತ್ತಳೆ ತೋಟಕ್ಕೆ ಹೋದರು, ತೋಟದಿಂದ ಪಾಲು ಕೇಳುವ ತಮ್ಮನಿಗೆ, ತಮ್ಮನಿಂದ ತಮ್ಮನ ಹೆಂಡತಿಗೆ. ಆಮೇಲೆ ದನಿ ಇಳಿಯಿತು. "ನನಗೂ ಒಂದು ಲ್ಯಾಬು ಇತ್ತು ಮ್ಯಾಡಮ್. ಮೋಟಾರುಗಳದ್ದು. ನಾನೇ ಕೈಯಾರೆ ಕಟ್ಟಿದ್ದು. ಹಿಂದಿನ ಡೈರೆಕ್ಟರು ಅದನ್ನು ತೆಗೆಸಿದರು. ಈಗ ಅಲ್ಲಿ ಹುಡುಗರು ಸೆಲ್ಫಿ ತೆಗೆದುಕೊಳ್ಳುವ ಗೋಡೆ ಇದೆ, ಎರಡು ಪ್ಲಾಸ್ಟಿಕ್ ರೆಕ್ಕೆ ಅಂಟಿಸಿದ್ದಾರೆ." ಅವರ ಕಣ್ಣಂಚು ಒದ್ದೆಯಾಗಿತ್ತು. "ಆವತ್ತು ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ."

ಇಂದುಮತಿಗೆ ತನ್ನ ಲ್ಯಾಬಿನ ಚಿಂತೆ ಒಂದು ಗಳಿಗೆ ಮರೆತೇಹೋಗಿತ್ತು. ಮೇಜಿನ ಡ್ರಾಯರಿನಲ್ಲಿದ್ದ ಚೂಡಾದ ಡಬ್ಬ ತೆಗೆದು ಮುಂದೆ ಹಿಡಿದಳು. ಅವರು ಬೇಡವೆನ್ನುತ್ತಲೇ ಒಂದು ಹಿಡಿ ತೆಗೆದುಕೊಂಡರು.

"ಈ ಕೋಣೆ ಸೋಫಾಕ್ಕೆ ಲಾಯಕ್ಕಲ್ಲ ಎಂದು ಹೇಳಿಬಿಡುತ್ತೇನೆ," ಎಂದರು ಗಾವಂಡೆಯವರು ಅಗಿಯುತ್ತ. "ಇಲ್ಲಿ ಬಂದ ಅತಿಥಿಗಳು ಎದ್ದು ಹೋಗುವುದೇ ಇಲ್ಲ ಅನ್ನುತ್ತೇನೆ. ಸುಳ್ಳೇನೂ ಅಲ್ಲವಲ್ಲ. ನಮ್ಮ ಅಮರಾವತಿಯ ಅತ್ತೆಯೂ ಹೀಗೆಯೇ, ಬಾಗಿಲಿಗೆ ಬಂದಳೆಂದರೆ—"

ಚಿಲಕ ಟಕ್ ಎಂದಿತು.

ಅವರು ಇನ್ನೂ ಅಮರಾವತಿಯ ಅತ್ತೆಯ ಬಳಿಯೇ ಇದ್ದರು. ಆದರೆ ಅವರ ಅಂಗೈ ಆಗಲೇ ಚೌಕಟ್ಟು ಬಿಟ್ಟಿತ್ತು. ಅತ್ತೆಯ ಕತೆ ಮುಗಿಸಿ, ನಿಟ್ಟುಸಿರು ಬಿಟ್ಟು, "ಚಲಾ, ನಿಘತೋ" ಎಂದು ತಿರುಗಿದರೆ ಬಾಗಿಲು ಪೂರ್ತಿ ತೆರೆದುಕೊಂಡಿತ್ತು. ಅವರು ಬಾಗಿಲನ್ನು ನೋಡಿದರು, ತಮ್ಮಯ್ಯನನ್ನು ನೋಡಿದರು.

"ನಾನು ಹೊರಡುತ್ತೇನೆಂದು ಇವನಿಗೆ ನನಗಿಂತ ಮೊದಲೇ ಗೊತ್ತಾಯಿತಾ?"

"ಹೌದು ಸರ್," ಎಂದಳು ಇಂದುಮತಿ. "ಅದೇ ನನ್ನ ಸಂಶೋಧನೆ."

ಅವರು ತಮ್ಮಯ್ಯನ ತಲೆ ಸವರಿ ಹೋದರು.

ಸಂಜೆ ಡೈರೆಕ್ಟರರ ಫೋನ್ ಬಂತು. ಸೋಫಾಕ್ಕೆ ಬೇರೆ ಜಾಗ ನೋಡಿದ್ದಾರಂತೆ. ಇಂದುಮತಿ ಅವ್ವನಿಗೆ ಫೋನ್ ಹಚ್ಚಿ ಹೇಳಿದರೆ ಅವ್ವ ಕೇಳಿದ್ದು ಒಂದೇ, "ಚೂಡಾ ಕೊಟ್ಟ್ಯೋ ಇಲ್ಲೋ?" ಬೆಂಗಳೂರಿನವರಿಗೆ ಬರುವುದಿಲ್ಲವೆಂದು ನಾಳೆ ತಿಳಿಸಿದರಾಯಿತು. ಕೆಳಗೆ ಶ್ರೀಕಾಂತ ಸ್ಕೂಟರ್ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದ. ಅವಳು ದೀಪ ಆರಿಸಿ, ಪರ್ಸು ತೆಗೆದುಕೊಂಡು, "ಬರ್ತೀನಿ ತಮ್ಮಯ್ಯ" ಎಂದು ಬಾಗಿಲಿಗೆ ಬಂದಳು.

ಬಾಗಿಲು ತೆರೆಯಲಿಲ್ಲ. ಮೊಣಕಾಲ ಹಿಂದೆ ಸ್ಟೂಲು ತಾಗಿತು.

"ಇಷ್ಟು ಲಗೂನ ಹೊಂಟ್ರ್ಯಾ? ಕೂಡ್ರಿ ಸ್ವಲ್ಪ."

"ಇಲ್ಲಪ್ಪಾ, ಅವರು ಕೆಳಗ ಕಾಯಾಕತ್ತಾರ," ಎನ್ನುತ್ತ ಅವಳು ಕೈ ನೋಡಿಕೊಂಡಳು. ಪರ್ಸು ಎಡಗೈಯಲ್ಲಿತ್ತು. ಇಂದುಮತಿ ಕೂತಳು. ಕೆಳಗೆ ಸ್ಕೂಟರ್ ಆಫ್ ಆಯಿತು.