ಅಣ್ಣನ ಟೆಂಡರ್ ಕೀ

ಮೊನ್ನೆ ತುಮಕೂರಿನ ಅಂಚೆ ಕಚೇರಿಯಲ್ಲಿ ಯಾರೋ ಪಾರ್ಸೆಲ್ಲಿಗೆ ಅರಗಿನ ಮುದ್ರೆ ಹಾಕಿಸುತ್ತಿದ್ದರು. ಕರಗಿದ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸರತಿಯಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲೂ ಈ ವಾಸನೆ ಇರುತ್ತಿತ್ತು...

ನಮ್ಮಣ್ಣ ಗುಬ್ಬಿ ಕಡೆ ಗಾರೆ ಕೆಲಸ ಮಾಡಿಕೊಂಡೇ ಗುತ್ತಿಗೆದಾರನ ಲೈಸೆನ್ಸ್ ಮಾಡಿಸಿದ್ದ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಾನು, ನನ್ನ ಗಂಡ ತುಮಕೂರಿನ ಸದಾಶಿವನಗರದ ಅವನ ಬಾಡಿಗೆ ಮನೆಯಲ್ಲೇ ಇದ್ದೆವು. ಟೆಂಡರ್ ಇದ್ದಾಗ ಅಣ್ಣ ಲಕೋಟೆ ಹಿಡಿಯುತ್ತಿದ್ದ, ನಾನು ಅರಗು ಕರಗಿಸಿ ಅದರ ಬಾಯಿಗೆ ತೊಟ್ಟಿಕ್ಕಿಸುತ್ತಿದ್ದೆ. ಆದರೆ ಆ ಲಕೋಟೆ ಡಬ್ಬದೊಳಗೆ ಬೀಳುವುದೇ ಕಷ್ಟವಿತ್ತು. ಕಚೇರಿಯಲ್ಲಿ ಟೆಂಡರ್ ಡಬ್ಬದ ಸುತ್ತ ಒಬ್ಬ ದೊಡ್ಡ ಗುತ್ತಿಗೆದಾರನ ಕಡೆಯವರು ನಿಂತಿರುತ್ತಿದ್ದರು. ಯಾರು ಹಾಕಬೇಕು, ಯಾರು ಹಾಕಬಾರದು ಎಂಬುದು ಅವರ ತೀರ್ಮಾನ. ಒಮ್ಮೆ ಅಣ್ಣ ಹರಿದ ಅಂಗಿಯಲ್ಲಿ, ಎಡ ಹುಬ್ಬು ಒಡೆದುಕೊಂಡು ಮನೆಗೆ ಬಂದ. ಲಕೋಟೆಯನ್ನು ಕಿತ್ತು ಚರಂಡಿಗೆ ಎಸೆದಿದ್ದರಂತೆ.

"ಬುಡಣ್ಣ, ನಮಗ್ಯಾಕೆ ಇದೆಲ್ಲ" ಎಂದೆ.

"ಊರೋರು ಕಟ್ಟಿಸಿದ ಗೋಡೆಗೆಲ್ಲ ನಾನೇ ಗಾರೆ ಮೆತ್ತಿದೀನಿ ಕಣಮ್ಮಿ. ಒಂದಾದ್ರೂ ನನ್ ಹೆಸ್ರಲ್ಲಿ ಕಟ್ಬಾರ್ದಾ?"

ಆಮೇಲೆ ಸರ್ಕಾರ ನಿಯಮ ಬದಲಾಯಿಸಿತು. ಟೆಂಡರ್ ಎಲ್ಲ ಕಂಪ್ಯೂಟರಿಗೆ ಬಂತು. ಇನ್ನೂ ಕೆಲವು ವರ್ಷ ಕಳೆದ ಮೇಲೆ, ಸಣ್ಣ ಕಾಮಗಾರಿಗಳಲ್ಲಿ ಒಂದು ಪಾಲನ್ನು ನಮ್ಮಂಥ ಪರಿಶಿಷ್ಟ ಜಾತಿಯವರಿಗೆ ಮೀಸಲಿಟ್ಟರು. ಅಣ್ಣ ಪೆನ್‌ಡ್ರೈವ್‌ನಂಥದ್ದೊಂದನ್ನು ತಂದು ತೋರಿಸಿದ. ಅದನ್ನು ಕಂಪ್ಯೂಟರಿಗೆ ಚುಚ್ಚಿ ಪಾಸ್‌ವರ್ಡ್ ಒತ್ತಿದರೆ ಅವನೇ ಸಹಿ ಹಾಕಿದಂತೆ. ಎಲ್ಲರೂ ಅದನ್ನು 'ಕೀ' ಎನ್ನುತ್ತಿದ್ದರು.

"ಇನ್ಮೇಲೆ ಡಬ್ಬ ಕಾಯೋರು ಮನೇಗೋಗಿ ಎಮ್ಮೆ ಕಾಯ್ಲಿ" ಎಂದು ನಕ್ಕ. ಪಾಸ್‌ವರ್ಡ್ ಮರೆಯಬಾರದೆಂದು ನನ್ನ ಹೆಸರನ್ನೇ ಇಟ್ಟಿದ್ದ. ಕೀಯನ್ನು ಜೋಪಾನವಾಗಿಡಲು ನನ್ನ ಕೈಗೆ ಕೊಡುವಾಗ ಹೇಳಿದ: "ಯಾರ್ಗೂ ಕೊಡ್ಬ್ಯಾಡ. ಇದ್ ಕೊಟ್ರೆ ನನ್ ಕೈನೇ ಕಡ್ದು ಕೊಟ್ಟಂಗೆ."

ಹೊಸ ನಿಯಮ ಅವರನ್ನು ಡಬ್ಬದ ಮುಂದಿನಿಂದ ಎಬ್ಬಿಸಿತು, ನಿಜ. ಎದ್ದವರು ನೇರ ನಮ್ಮ ಮನೆಗೆ ಬಂದರು. ಬಾಗಿಲು ತೆಗೆದವಳು ನಾನು.

ಮೀಸಲು ಕಾಮಗಾರಿಗೆ ಆ ದೊಡ್ಡ ಗುತ್ತಿಗೆದಾರ ತನ್ನ ಹೆಸರಿನಲ್ಲಿ ಟೆಂಡರ್ ಹಾಕುವಂತಿರಲಿಲ್ಲ. ಅಣ್ಣ ಕೆಲಸಕ್ಕೆ ಹೋಗಿದ್ದಾಗ ಬಂದು, ನಾನು ಕೊಟ್ಟ ಕಾಫಿ ಕುಡಿದ.

"ಒಂದಿನಕ್ಕೆ ಆ ಕೀ ಕೊಡವ್ವ. ಕೆಲ್ಸ ನಿಮ್ಮಣ್ಣನ ಹೆಸ್ರಲ್ಲೇ ಬರ್ಲಿ, ಕಟ್ಟೋ ತಲೆನೋವು ನಂದು. ನಿನ್ ಗಂಡನ್ನ ಸೈಟ್ ನೋಡ್ಕಳಕ್ಕೆ ಹಾಕ್ಕೊತೀನಿ."

"ಅಣ್ಣನ್ನ ಕೇಳ್ಬೇಕು."

"ಅವ್ನು ಬ್ಯಾಡ ಅಂತಾನೆ. ಅದ್ಕೇ ಅಲ್ವಾ ನಿನ್ ತಾವ ಬಂದಿರೋದು?"

ನನ್ನ ಗಂಡ ಕೆಲಸವಿಲ್ಲದೆ ಮನೆಯಲ್ಲಿ ಮಲಗಿದ್ದ ಕಾಲ ಅದು. ಕೀ ತಂದುಕೊಟ್ಟೆ. ಪಾಸ್‌ವರ್ಡ್ ಕೇಳಿದಾಗ ಹೇಳಿದೆ. "ನಿನ್ ಹೆಸ್ರಲ್ಲವ್ವ ಕೇಳಿದ್ದು, ಪಾಸ್‌ವರ್ಡು" ಎಂದ.

"ಅದೇ" ಎಂದೆ.

ಗೊತ್ತಾಗದೆ ಕೊಟ್ಟೆ, ನಾನು ಓದಿದವಳಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ನನಗೆ ಗೊತ್ತಿತ್ತು.

ಹುತ್ರಿದುರ್ಗದ ಕಡೆಯ ಹಳ್ಳಿಯೊಂದರ ಅಂಗನವಾಡಿ ಕಟ್ಟಡದ ಕೆಲಸ ಅಣ್ಣನ ಹೆಸರಿಗೆ ಆಯಿತು. ಆದೇಶ ಬಂದಾಗಲೇ ಅವನಿಗೆ ತಿಳಿದದ್ದು. ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಕೀ ಕೊಟ್ಟ ತಂಗಿಯ ಮೇಲೂ ಕೇಸಾಗುತ್ತದೆ ಎಂದು ಆ ಗುತ್ತಿಗೆದಾರನ ಕಡೆಯವರು ಹೆದರಿಸಿದರು. ಅಣ್ಣ ಸಹಿ ಹಾಕಿದ. ನನ್ನನ್ನು ಬೈಯಲಿಲ್ಲ. ಕಟ್ಟುವಾಗ ಅವನನ್ನು ಸೈಟಿನ ಹತ್ತಿರಕ್ಕೂ ಬಿಡಲಿಲ್ಲ.

ಮೊದಲ ಮಳೆಗಾಲದಲ್ಲೇ ಬಾಗಿಲ ಮೇಲಿನ ಸಜ್ಜಾ ಕಳಚಿ ಅಂಗನವಾಡಿ ಸಹಾಯಕಿಯ ಮೇಲೆ ಬಿತ್ತು. ಆಕೆಯ ಒಂದು ಕಾಲು ಉಳಿಯಲಿಲ್ಲ. ಕುಣಿಗಲ್ ಸ್ಟೇಷನ್ನಿನಲ್ಲಿ ಅಣ್ಣನನ್ನು ಕೇಳಿದರು: "ಕೀ ಯಾರ್ ಹತ್ರ ಇತ್ತೋ?"

"ನನ್ ಹತ್ರನೇ ಇತ್ತು ಸಾರ್."

ನಾನು ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಅಣ್ಣನನ್ನು ಕಪ್ಪುಪಟ್ಟಿಗೆ ಸೇರಿಸಿದರು. ಜಾಮೀನಿನ ಮೇಲೆ ಬಂದವನು ಮತ್ತೆ ಇನ್ನೊಬ್ಬರ ಕೈಕೆಳಗೆ ಗಾರೆ ಕೆಲಸಕ್ಕೆ ಸೇರಿದ. ಭಾನುವಾರವೂ ಕರಣೆ ಹಿಡಿದು ಎಲ್ಲಿಗೋ ಹೋಗುತ್ತಿದ್ದ. ನನ್ನ ಮುಖ ನೋಡಲಾಗದೆ ಹೋಗುತ್ತಾನೆ ಎಂದುಕೊಂಡು ನಾನು ಕೇಳಲಿಲ್ಲ... ಎರಡು ವರ್ಷದ ಹಿಂದೆ ಎದೆನೋವು ಅಂತ ಮಲಗಿದವನು ಏಳಲಿಲ್ಲ. ಕೇಸು ಇನ್ನೂ ನಡೆಯುತ್ತಲೇ ಇತ್ತು.

ಅಂಚೆ ಕಚೇರಿಯ ಮೆಟ್ಟಿಲಿಂದ ಎದ್ದವಳು ಮನೆಗೆ ಹೋಗಲಿಲ್ಲ. ಕುಣಿಗಲ್ ಬಸ್ಸು ಹತ್ತಿದೆ. ಅಲ್ಲಿಂದ ಆ ಹಳ್ಳಿಗೆ ಹೋದೆ, ಮೊದಲ ಸಲ. ಅಂಗನವಾಡಿಯ ಗೋಡೆಯ ಫಲಕದಲ್ಲಿ ಗುತ್ತಿಗೆದಾರರು ಎಂದು ಬರೆದು ಅಣ್ಣನ ಹೆಸರಿತ್ತು. ಅಕ್ಷರ ಕೂಡಿಸಿ ಓದುತ್ತಾ ನಿಂತಿದ್ದೆ. ಜಗಲಿಯಲ್ಲಿ ಊರುಗೋಲು ಪಕ್ಕಕ್ಕಿಟ್ಟು ಕುಳಿತಿದ್ದ ಹೆಂಗಸು ಕೂಗಿದಳು.

"ಆ ಹೆಸ್ರು ಓದ್ಬ್ಯಾಡ ಕಣವ್ವ, ಬಾಯ್ಗೆ ಹುಳ ಬೀಳ್ತದೆ. ನನ್ ಕಾಲ್ ತಿಂದೋನು ಅವ್ನು. ಮುಖ ನೋಡಿಲ್ಲ, ಶಾಪ ಹಾಕ್ದೆ ಒಂದ್ ದಿನಾನೂ ಬುಟ್ಟಿಲ್ಲ."

ಸಜ್ಜಾದ ಕಡೆ ನೋಡಿದೆ. ಗಟ್ಟಿಯಾಗಿತ್ತು.

"ಇದಾ? ಇದ್ನ ಆಮೇಲೆ ಒಬ್ಬ ಗಾರೆಯವ್ನು ಬಂದು ಕಟ್ಟಿದ್ದು. ತುಮಕೂರೋನಂತೆ. ಭಾನುವಾರ ಭಾನುವಾರ ಬರೋನು, ಒಂದ್ ಕಾಸು ಇಸ್ಕಳ್ಲಿಲ್ಲ. ನಂಗೆ ಬಚ್ಚಲ ತಾವ ಹಿಡ್ಕೊಳಕ್ಕೆ ಕಂಬಿನೂ ಹಾಕ್ಕೊಟ್ಟ. ಎಡ ಹುಬ್ಬಿನ ಮೇಲೆ ಗಾಯದ ಗುರ್ತು. ಹೆಸ್ರು ಕೇಳುದ್ರೆ ನಕ್ಕು ಸುಮ್ಕಾಗೋನು."

"ಅವ್ನು ನಮ್ಮಣ್ಣ" ಎಂದೆ. "ತೀರ್ಕೊಂಡ."

ಆಕೆ ನನ್ನ ಕೈಹಿಡಿದು ಎಳೆದು ಕೂರಿಸಿಕೊಂಡಳು. ಅತ್ತಳು. ನನ್ನ ಕೈ ಬಿಡಲೇ ಇಲ್ಲ.

"ಹೆಸ್ರೇನವ್ವ ಅವ್ರುದು? ದೀಪ ಹಚ್ವಾಗ ನೆನುಸ್ಕೊತೀನಿ."

ಹೆಸರು ನಮ್ಮ ತಲೆಯ ಮೇಲೆ ಗೋಡೆಯಲ್ಲೇ ಇತ್ತು.

"ನಾನು ಅಣ್ಣ ಅಂತಿದ್ದೆ" ಎಂದಷ್ಟೇ ಹೇಳಿ, ಕೈ ಬಿಡಿಸಿಕೊಂಡು ಬಸ್ಸಿಗೆ ನಡೆದೆ.